ಎದುರಿಗಿಟ್ಟ ತಂಬಿಗೆ ಕಾಗದದ ಮೇಲೆ ಸೊಟ್ಟ ಬರುವುದೇಕೆ?

ಪ್ರಶ್ನೆ: ನಾನು ಧಾರವಾಡದಲ್ಲಿ ಬಿ.ವಿ.ಎ. (ದೃಶ್ಯಕಲಾ ಪದವಿ) ಮೊದಲ ವರ್ಷ ಓದುತ್ತಿದ್ದೇನೆ. ಪಿಯುಸಿಯಲ್ಲಿ ಸೈನ್ಸ್ ಇತ್ತು. ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ಯಾವುದನ್ನೂ ಬರೆದಿಲ್ಲ. ಮೊಬೈಲಿನಲ್ಲಿ ಫೋಟೊ ನೋಡಿ ಬರೆದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಕ್ಲಾಸಿನಲ್ಲಿ ಸ್ಟಿಲ್ ಲೈಫ್ (ನೋಡಿ ಬರೆಯಲು ಜೋಡಿಸಿದ ವಸ್ತುಗಳು) ಇಟ್ಟಾಗ ಮಾತ್ರ ತಂಬಿಗೆ ಸೊಟ್ಟ ಬರುತ್ತದೆ, ಗಡಿಗೆ ಒಂದೇ ಕಡೆ ಉಬ್ಬುತ್ತದೆ. ಶೇಡಿಂಗ್ ಮಾಡಿದರೆ ಎಲ್ಲಾ ಮಸಿ ಬಳಿದ ಹಾಗೆ ಕಾಣುತ್ತದೆ. ನಮ್ಮ ಸರ್ "ನೋಡಿ ಬರಿ" ಅಂತಾರೆ. ನೋಡ್ತಾನೇ ಇದ್ದೀನಿ ಸರ್! ಏನು ತಪ್ಪಾಗುತ್ತಿದೆ? ಇದನ್ನು ಬಿಟ್ಟು ನೇರವಾಗಿ ಪೋರ್ಟ್ರೇಟ್ ಕಲಿತರೆ ಆಗಲ್ವಾ?

ಉತ್ತರ: ನೀವು ನೋಡ್ತಾ ಇದ್ದೀರಿ, ಅದರಲ್ಲಿ ಅನುಮಾನವಿಲ್ಲ. ಆದರೆ ತಂಬಿಗೆ ನೋಡುವಾಗ ತಂಬಿಗೆಯನ್ನು ಮಾತ್ರ ನೋಡ್ತೀರಿ, ಗಡಿಗೆ ನೋಡುವಾಗ ಗಡಿಗೆಯನ್ನು ಮಾತ್ರ. ತೊಂದರೆ ಅಲ್ಲಿದೆ. ಒಂದು ವಸ್ತುವನ್ನು ಬಿಡಿಯಾಗಿ ಎಷ್ಟು ಹೊತ್ತು ದಿಟ್ಟಿಸಿದರೂ ಅದರ ಅಳತೆ ಗೊತ್ತಾಗುವುದಿಲ್ಲ. ತಂಬಿಗೆಯ ಬಾಯಿ ಪಕ್ಕದ ಗಡಿಗೆಯ ಕುತ್ತಿಗೆಗಿಂತ ಮೇಲಿದೆಯಾ, ಕೆಳಗಿದೆಯಾ? ಗಡಿಗೆಯ ನೆರಳಿನ ಭಾಗ ಹಿಂದಿನ ಬಟ್ಟೆಗಿಂತ ಕಪ್ಪಾಗಿದೆಯಾ? ಎರಡರ ನಡುವಿನ ಸಂದು ತಂಬಿಗೆಯ ಅಗಲದ ಅರ್ಧ ಇದೆಯಾ, ಮುಕ್ಕಾಲು ಇದೆಯಾ? ಹೀಗೆ ಕೇಳಿಕೊಂಡರೆ ಮಾತ್ರ ಕಣ್ಣಿಗೆ ಕೆಲಸ ಸಿಗುತ್ತದೆ. ಸೊಟ್ಟ ಬರುವುದು, ಉಬ್ಬುವುದು, ಮಸಿ ಬಳಿದ ಹಾಗೆ ಆಗುವುದು ನಿಮಗೆ ಮೂರು ಕಾಯಿಲೆಯಂತೆ ಕಾಣುತ್ತಿವೆ. ಮೂರೂ ಹೋಲಿಸದೆ ಬರೆಯುವುದರಿಂದ ಬಂದವು.

ಫೋಟೊ ವಿಷಯ ಮೊದಲು ಮುಗಿಸಿಬಿಡೋಣ. ಮೂರು ಆಯಾಮದ ವಸ್ತುವನ್ನು ಚಪ್ಪಟೆ ಮಾಡುವುದು ಚಿತ್ರಕಾರನ ಅತಿ ಕಷ್ಟದ ಕೆಲಸ. ಫೋಟೊದಲ್ಲಿ ಅದನ್ನು ಕ್ಯಾಮೆರಾ ಆಗಲೇ ಮಾಡಿ ಮುಗಿಸಿದೆ. ಅದಕ್ಕೆ ಒಂದೇ ಕಣ್ಣು, ಅದೂ ಅಲ್ಲಾಡುವುದಿಲ್ಲ. ನಿಮಗೆ ಎರಡು ಕಣ್ಣು, ಜೊತೆಗೆ ಅರ್ಧ ಗಂಟೆಗೊಮ್ಮೆ ಜಾರಿ ಕುಳಿತುಕೊಳ್ಳುವ ಬೆನ್ನು. ತಲೆ ನಾಲ್ಕು ಇಂಚು ಕೆಳಗಿಳಿದರೆ ಎದುರಿಗಿರುವ ತಂಬಿಗೆಯ ಬಾಯಿ ಬೇರೆ ಆಕಾರವೇ ಆಗುತ್ತದೆ. ಫೋಟೊ ನೋಡಿ ಬರೆದಾಗ ಬೆಳೆದದ್ದು ನಿಮ್ಮ ಕೈಯ ಹಿಡಿತ. ಅದು ವ್ಯರ್ಥ ಅಲ್ಲ. ಆದರೂ ಮುಂದಿನ ಕೆಲವು ತಿಂಗಳು ಫೋಟೊ ನೋಡಿ ಬರೆಯುವುದನ್ನು ಪೂರ್ತಿ ಬಿಡಿ ಎಂದೇ ಹೇಳುತ್ತೇನೆ.

ಇನ್ನು ಕುಳಿತುಕೊಳ್ಳುವ ಬಗ್ಗೆ. ಬಹಳಷ್ಟು ವಿದ್ಯಾರ್ಥಿಗಳು ಬೋರ್ಡನ್ನು ತೊಡೆಯ ಮೇಲೆ ಚಪ್ಪಟೆ ಇಟ್ಟುಕೊಂಡು ಬರೆಯುತ್ತಾರೆ. ಆಗ ಕಾಗದದ ಕೆಳಭಾಗ ಕಣ್ಣಿಗೆ ಹತ್ತಿರ, ಮೇಲ್ಭಾಗ ದೂರ. ಕುಳಿತಲ್ಲಿಂದ ಚಿತ್ರ ಸರಿಯಾಗೇ ಕಾಣುತ್ತದೆ. ಎತ್ತಿ ಗೋಡೆಗೆ ಒರಗಿಸಿದರೆ ವಸ್ತುಗಳೆಲ್ಲ ಉದ್ದುದ್ದ ಎಳೆದಂತೆ ಇರುತ್ತವೆ, ತಲೆಯ ಕಡೆ ದಪ್ಪ. ಗಡಿಗೆ ವಿಚಿತ್ರವಾಗಿ ಉಬ್ಬುವುದಕ್ಕೆ ಇದೂ ಒಂದು ಕಾರಣ ಇರಬಹುದು. ಈಸಲ್ (ಬೋರ್ಡ್ ನಿಲ್ಲಿಸುವ ಸ್ಟ್ಯಾಂಡ್) ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಬೋರ್ಡಿನ ಕೆಳಗಿನ ಅಂಚನ್ನು ತೊಡೆಯ ಮೇಲಿಟ್ಟು, ಮೇಲಿನ ಅಂಚನ್ನು ಎದುರಿನ ಕುರ್ಚಿಯ ಬೆನ್ನಿಗೆ ಒರಗಿಸಿ. ನಿಮ್ಮ ದೃಷ್ಟಿ ಕಾಗದಕ್ಕೆ ನೇರವಾಗಿ ಬೀಳಬೇಕು.

ದೂರ ಎಷ್ಟಿರಬೇಕು? ಜೋಡಿಸಿದ ವಸ್ತುಗಳೆಲ್ಲ ಸೇರಿ ಎರಡು ಅಡಿ ಅಗಲ ಇದ್ದರೆ ಐದಾರು ಅಡಿ ಹಿಂದೆ ಕೂರಿ. ತೀರಾ ಹತ್ತಿರ ಕುಳಿತರೆ ಎಡಗಡೆಯದನ್ನು ಒಮ್ಮೆ, ಬಲಗಡೆಯದನ್ನು ಒಮ್ಮೆ ತಲೆ ತಿರುಗಿಸಿ ನೋಡಬೇಕಾಗುತ್ತದೆ. ಹೋಲಿಕೆ ಅಲ್ಲಿಗೇ ಕೆಟ್ಟಿತು. ಸ್ಟೂಲಿನ ಕಾಲುಗಳ ಸುತ್ತ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ. ಮಧ್ಯೆ ಚಹಾಕ್ಕೆ ಎದ್ದು ಹೋದವರು ವಾಪಸ್ ಅದೇ ಜಾಗಕ್ಕೆ ಬರಬೇಕಲ್ಲ. ವಸ್ತುಗಳ ತಳದ ಸುತ್ತಲೂ ಮೇಜಿನ ಮೇಲೆ ಸಣ್ಣ ಗುರುತು ಇರಲಿ. ಕ್ಲಾಸಿನಲ್ಲಿ ಯಾರಾದರೂ ಒಬ್ಬರು ಬದನೆಕಾಯಿಯನ್ನು "ಸುಮ್ನೆ ಸ್ವಲ್ಪ" ಸರಿಸಿಯೇ ಸರಿಸುತ್ತಾರೆ.

ಬೆಳಕಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕ್ಲಾಸ್‌ರೂಮಿನ ಮೇಲ್ಛಾವಣಿಯಲ್ಲಿ ನಾಲ್ಕು ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಒಂದೊಂದು ವಸ್ತುವಿಗೂ ನಾಲ್ಕು ತೆಳು ನೆರಳು. ಎಲ್ಲಿ ಬೆಳಕು ಮುಗಿದು ಎಲ್ಲಿ ನೆರಳು ಶುರುವಾಯಿತು ಎಂಬುದು ಯಾರಿಗೂ ಕಾಣುವುದಿಲ್ಲ. ಅಂಥ ಬೆಳಕಿನಲ್ಲಿ ಶೇಡಿಂಗ್ ಕಲಿಯಿರಿ ಅನ್ನುವುದು ಅನ್ಯಾಯ. ಟ್ಯೂಬ್‌ಲೈಟ್ ಆರಿಸಿ, ಒಂದು ಪಕ್ಕದ ಕಿಟಕಿ ಮಾತ್ರ ತೆರೆಯಿರಿ. ಮನೆಯಲ್ಲಾದರೆ ಒಂದೇ ಎಲ್‌ಇಡಿ ಬಲ್ಬನ್ನು ವಸ್ತುಗಳಿಗಿಂತ ಮೇಲೆ, ಎಡಕ್ಕೋ ಬಲಕ್ಕೋ, ಸ್ವಲ್ಪ ಮುಂದಕ್ಕೆ ಇಳಿಬಿಡಿ.

ಯುರೋಪಿನ ಸ್ಟುಡಿಯೊಗಳಲ್ಲಿ ಉತ್ತರದ ಕಿಟಕಿಗೆ ಬಹಳ ಬೆಲೆ. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದ ಆಕಾಶದಲ್ಲೇ ಇರುತ್ತಾನೆ. ಹಾಗಾಗಿ ಉತ್ತರದ ಕಿಟಕಿಯಿಂದ ಬರುವ ಬೆಳಕು ಹೆಚ್ಚುಕಡಿಮೆ ದಿನವಿಡೀ ಒಂದೇ ಥರ ಇರುತ್ತದೆ. ನಮ್ಮಲ್ಲಿ ಈ ಮಾತನ್ನು ಹಾಗೇ ಒಪ್ಪಿಕೊಳ್ಳುವಂತಿಲ್ಲ. ಧಾರವಾಡ ಇರುವುದು ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಆರಂಭದಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಿಮ್ಮ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಮಾರ್ಚ್ ಕೊನೆಯಿಂದಲೇ ಬೆಳಿಗ್ಗೆ, ಸಂಜೆಯ ಬಿಸಿಲು ಉತ್ತರದ ಕಿಟಕಿಗೆ ಓರೆಯಾಗಿ ಬೀಳತೊಡಗುತ್ತದೆ. ಮಳೆಗಾಲದ ಮೋಡ ಇರುವಾಗ ಚಿಂತೆಯಿಲ್ಲ. ಬೇಸಿಗೆಯಲ್ಲಿ ಮಾತ್ರ ಕಿಟಕಿಗೆ ಒಂದು ತೆಳು ಬಿಳಿ ಪಂಚೆ ಕಟ್ಟಿ.

ಈಗ ವಸ್ತುಗಳು. ಸ್ಟೀಲ್ ಪಾತ್ರೆ, ಹಿತ್ತಾಳೆ ತಂಬಿಗೆ ಇವೆಲ್ಲ ಮೊದಲ ದಿನಕ್ಕೆ ಬೇಡ. ಹೊಳೆಯುವ ವಸ್ತುವಿನ ಮೈಮೇಲೆ ಕಾಣುವುದು ಅದರ ಉಬ್ಬುತಗ್ಗು ಅಲ್ಲ, ಸುತ್ತಲಿನ ಕಿಟಕಿ, ನಿಮ್ಮ ಅಂಗಿ, ಪಕ್ಕದವನ ಬೋರ್ಡು. ಅದನ್ನೆಲ್ಲ ಬಿಡಿಸುತ್ತಾ ಹೋದರೆ ಆಕಾರ ಕೈತಪ್ಪುತ್ತದೆ. ಮಣ್ಣಿನ ಕುಡಿಕೆ, ಹೊಳಪಿಲ್ಲದ ಗಡಿಗೆ, ಬೆಳ್ಳುಳ್ಳಿ ಗಡ್ಡೆ, ಈರುಳ್ಳಿ, ಅರ್ಧ ಸುಲಿದ ತೆಂಗಿನಕಾಯಿ ಒಳ್ಳೆಯವು. ಬಾಳೆಹಣ್ಣು ಮರುದಿನಕ್ಕೆ ಕಪ್ಪಾಗುತ್ತದೆ, ಹೂವು ಬಾಡುತ್ತದೆ. ವಾರ ಪೂರ್ತಿ ಕೂರುವ ಚಿತ್ರಕ್ಕೆ ಅವು ಬೇಡ. ಇಟಲಿಯ ಬೊಲೋನ್ಯಾದ ಚಿತ್ರಕಾರ ಜಾರ್ಜಿಯೊ ಮೊರಾಂಡಿ (1890–1964) ಬದುಕಿನುದ್ದಕ್ಕೂ ಹೆಚ್ಚಾಗಿ ಬರೆದದ್ದು ಬಾಟಲಿ, ಹೂಜಿ, ಡಬ್ಬಿಗಳನ್ನೇ. ಹೊಳಪೂ ಲೇಬಲ್ಲೂ ಕಾಣದಿರಲೆಂದು ಕೆಲವು ಬಾಟಲಿಗಳಿಗೆ ಹೊಳಪಿಲ್ಲದ ಬಣ್ಣ ಬಳಿದುಬಿಡುತ್ತಿದ್ದರು. ನೀವೂ ಒಂದೆರಡು ಹಳೆ ಬಾಟಲಿಗೆ ಬಿಳಿ ಡಿಸ್ಟೆಂಪರ್ ಹಚ್ಚಿ ಇಟ್ಟುಕೊಳ್ಳಿ. ಶೇಡಿಂಗ್ ಕಲಿಯಲು ಅದಕ್ಕಿಂತ ಅಗ್ಗದ ಸಾಮಾನು ಇನ್ನೊಂದಿಲ್ಲ.

ಜೋಡಿಸುವಾಗ ಮೂರು ವಸ್ತು ಸಾಕು. ಒಂದು ಎತ್ತರ, ಒಂದು ಗುಂಡಗೆ, ಒಂದು ಚಿಕ್ಕದು. ಒಂದರ ಹಿಂದೆ ಒಂದು ಸ್ವಲ್ಪ ಮರೆಯಾಗಲಿ. ಎರಡರ ಅಂಚು ಸುಮ್ನೆ ಮುಟ್ಟಿಕೊಂಡು ನಿಂತರೆ ಯಾವುದು ಮುಂದೆ, ಯಾವುದು ಹಿಂದೆ ಎಂದು ಕಣ್ಣಿಗೆ ಗೊಂದಲ. ಸಂಯೋಜನೆಯ ಬಗ್ಗೆ ಇಷ್ಟು ಸಾಕು. ಮೊದಲ ವರ್ಷದಲ್ಲಿ ಅದರ ತಲೆಬಿಸಿ ಜಾಸ್ತಿ ಬೇಡ.

ಪೆನ್ಸಿಲ್ ಹಿಡಿದು ಅಳೆಯುವುದನ್ನು ನಿಮಗೆ ತೋರಿಸಿರುತ್ತಾರೆ. ಆದರೆ ಸರಿಯಾಗಿ ಮಾಡುವವರು ಕಡಿಮೆ. ತೋಳು ಪೂರ್ತಿ ಚಾಚಬೇಕು, ಮೊಣಕೈ ಮಡಚಬಾರದು, ಒಂದು ಕಣ್ಣು ಮುಚ್ಚಬೇಕು. ಮೊಣಕೈ ಒಮ್ಮೆ ಮಡಚಿ ಒಮ್ಮೆ ಚಾಚಿದರೆ ಅಳತೆಪಟ್ಟಿಯೇ ಬದಲಾದ ಹಾಗೆ. ಪೆನ್ಸಿಲ್ ಮೇಲೆ ಹೆಬ್ಬೆರಳಿನಿಂದ ಗುರುತಿಸಿದ ಉದ್ದವನ್ನು ಹಾಗೇ ಕಾಗದಕ್ಕೆ ತಂದು ಇಡುವವರಿದ್ದಾರೆ. ಆಗ ಅರ್ಧ ಇಂಪೀರಿಯಲ್ ಅಳತೆಯ ದೊಡ್ಡ ಹಾಳೆಯ ಮಧ್ಯೆ ಒಂದು ಪುಟ್ಟ ಕುಡಿಕೆ ಕೂರುತ್ತದೆ. ನಿಮಗೆ ಬೇಕಾದದ್ದು ಅನುಪಾತ. ಕುಡಿಕೆಯ ಅಗಲವನ್ನು ಒಂದು ಮಾನ ಅಂತ ಇಟ್ಟುಕೊಳ್ಳಿ. ಅದರ ಎತ್ತರ ಎಷ್ಟು ಮಾನ? ಇಡೀ ಗುಂಪಿನ ಅಗಲ ಎಷ್ಟು? ಎತ್ತರ ಎಷ್ಟು? ಕಾಗದದ ಮೇಲೆ ಮೊದಲು ಗುಂಪಿನ ನಾಲ್ಕು ಎಲ್ಲೆ ಗುರುತಿಸಿ, ಆಮೇಲೆ ಒಳಗಿನದು. ಈ ಕೆಲಸ ಮುಗಿಯುವ ಮುಂಚೆ ಗಡಿಗೆಯ ಕಂಠದ ಗೀರು, ತೆಂಗಿನ ನಾರು ಬಿಡಿಸಲು ಹೊರಡುವುದು ತಂಬೂರಿ ಶ್ರುತಿ ಮಾಡದೆ ತಾನಕ್ಕೆ ಹೋದ ಹಾಗೆ.

ಪೆನ್ಸಿಲನ್ನು ತೂಕದ ಗುಂಡಿನ ದಾರದಂತೆ ನೇರವಾಗಿ ಇಳಿಬಿಟ್ಟೂ ನೋಡಿ. ಬಾಟಲಿಯ ಬಲ ಅಂಚಿನಿಂದ ಕೆಳಗಿಳಿದರೆ ಬೆಳ್ಳುಳ್ಳಿಯ ಯಾವ ಭಾಗ ತಾಗುತ್ತದೆ? ಮಲಗಿಸಿ ಹಿಡಿದರೆ ಕುಡಿಕೆಯ ಬಾಯಿಯ ಮಟ್ಟಕ್ಕೆ ಬಾಟಲಿಯ ಯಾವ ಜಾಗ ಬರುತ್ತದೆ? ಇಂಥ ನಾಲ್ಕಾರು ಅಡ್ಡ, ಉದ್ದ ಗೆರೆ ಸಿಕ್ಕರೆ ಚಿತ್ರಕ್ಕೆ ಅಸ್ಥಿಪಂಜರ ಬಂತು. ಜೊತೆಗೆ, ವಸ್ತುಗಳ ನಡುವೆ ಕಾಣುವ ಖಾಲಿ ಜಾಗವನ್ನೂ ಒಂದು ಆಕಾರವೆಂದೇ ಬರೆಯಿರಿ. ಕುಡಿಕೆ ಹೇಗಿರುತ್ತದೆ ಅಂತ ನಿಮ್ಮ ತಲೆಗೆ ಚಿಕ್ಕಂದಿನಿಂದ ಗೊತ್ತು. ಅದಕ್ಕೇ ಕಣ್ಣು ಕೊಟ್ಟ ಮಾಹಿತಿಯನ್ನು ತಲೆ ಪಕ್ಕಕ್ಕೆ ತಳ್ಳುತ್ತದೆ. ಎರಡು ಕುಡಿಕೆಗಳ ನಡುವಿನ ಸಂದಿನ ಆಕಾರ ಹೀಗೇ ಇರಬೇಕು ಅಂತ ತಲೆಗೆ ಯಾವ ಅಭಿಪ್ರಾಯವೂ ಇಲ್ಲ. ಹಾಗಾಗಿ ಅದು ಸರಿಯಾಗಿ ಬರುತ್ತದೆ. ಸಂದು ಸರಿ ಬಂದರೆ ಅದರ ಎರಡೂ ಪಕ್ಕದ ವಸ್ತುಗಳ ಅಂಚೂ ಸರಿ ಬಂದ ಹಾಗೇ ಅಲ್ವಾ?

ಇನ್ನು ನಿಮ್ಮ ಸೊಟ್ಟ ತಂಬಿಗೆ. ಗುಂಡನೆಯ ಪಾತ್ರೆ ಕೆಡುವುದೆಲ್ಲ ಎಲಿಪ್ಸಿನಲ್ಲಿ. ಪಾತ್ರೆಯ ಬಾಯಿ ನಿಜದಲ್ಲಿ ವೃತ್ತ, ಓರೆಯಾಗಿ ನೋಡಿದಾಗ ಎಲಿಪ್ಸ್, ಅಂದರೆ ಅದುಮಿದಂತಿರುವ ವೃತ್ತ. ಒಂದು ಸ್ಟೀಲ್ ಲೋಟಕ್ಕೆ ಅರ್ಧ ನೀರು ಹಾಕಿ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಿರಿ. ಬಾಯಿ ಒಂದು ನೇರ ಗೆರೆ. ನಿಧಾನಕ್ಕೆ ಕೆಳಗಿಳಿಸಿ. ಗೆರೆ ತೆರೆದುಕೊಳ್ಳುತ್ತಾ, ಅಗಲವಾಗುತ್ತಾ, ಕಾಲ ಬಳಿ ಬಂದಾಗ ಹೆಚ್ಚುಕಡಿಮೆ ಪೂರ್ತಿ ವೃತ್ತ.

ನೀವು ಸೈನ್ಸ್ ಓದಿದವರಾದ್ದರಿಂದ ಇದರ ಲೆಕ್ಕವನ್ನೂ ಕೊಡುತ್ತೇನೆ, ಇಷ್ಟವಾಗಬಹುದು. ಎಲಿಪ್ಸಿನ ಎತ್ತರವನ್ನು ಅಗಲದಿಂದ ಭಾಗಿಸಿದರೆ ಬರುವುದು, ನೀವು ಕೆಳಮುಖವಾಗಿ ನೋಡುತ್ತಿರುವ ಕೋನದ ಸೈನ್. 30 ಡಿಗ್ರಿಯಿಂದ ನೋಡಿದರೆ ಎತ್ತರ ಅಗಲದ ಸರಿಯಾಗಿ ಅರ್ಧ. ಈಗ ನೀವು ತಂಬಿಗೆಯಿಂದ 5 ಅಡಿ ದೂರ ಕುಳಿತಿದ್ದೀರಿ, ನಿಮ್ಮ ಕಣ್ಣು ಅದರ ಬಾಯಿಗಿಂತ ಒಂದೂವರೆ ಅಡಿ ಮೇಲಿದೆ ಅಂದುಕೊಳ್ಳಿ. ಕೋನ ಸುಮಾರು 17 ಡಿಗ್ರಿ. ಬಾಯಿಯ ಅಗಲ 10 ಪಾಲಾದರೆ ಎತ್ತರ 3 ಪಾಲಿಗೂ ಸ್ವಲ್ಪ ಕಡಿಮೆ. ತಂಬಿಗೆಯ ತಳ ಇನ್ನೂ ಅರ್ಧ ಅಡಿ ಕೆಳಗಿದೆ. ಅಲ್ಲಿಗೆ ಕೋನ ಸುಮಾರು 22 ಡಿಗ್ರಿ, ಅಂದರೆ 10ಕ್ಕೆ 3.7 ಪಾಲು. ಬಾಯಿಗಿಂತ ತಳ ಹೆಚ್ಚು ದುಂಡಗಿದೆ ಅಂತಾಯಿತು. ಈಗ ನಿಮ್ಮ ಹಳೆಯ ಚಿತ್ರ ತೆಗೆದು ನೋಡಿ. ಬಾಯನ್ನು ದೊಡ್ಡದಾಗಿ ತೆರೆದು ಬರೆದಿರುತ್ತೀರಿ, ಯಾಕೆಂದರೆ ಬಾಯಿ ದುಂಡಗಿದೆ ಅಂತ ನಿಮಗೆ ಗೊತ್ತು. ತಳವನ್ನು ನೇರ ಗೆರೆ ಎಳೆದಿರುತ್ತೀರಿ, ಯಾಕೆಂದರೆ ಅದು ಚಪ್ಪಟೆ ಮೇಜಿನ ಮೇಲೆ ಕುಳಿತಿದೆ ಅಂತ ನಿಮಗೆ ಗೊತ್ತು. ಹೊಸಬರಲ್ಲಿ ಹೆಚ್ಚಿನವರು ಹೀಗೇ ಬರೆಯುತ್ತಾರೆ. ಮೇಲಿನಿಂದಲೂ ಮೇಜಿನ ಮಟ್ಟದಿಂದಲೂ ಒಟ್ಟಿಗೆ ನೋಡಿದಂತಿರುವ ಆ ತಂಬಿಗೆ ಮೇಜಿನ ಮೇಲೆ ನಿಲ್ಲುವುದಾದರೂ ಹೇಗೆ?

ಚಿತ್ರ ಬರೆಯುವಾಗ ಕ್ಯಾಲ್ಕುಲೇಟರ್ ಬೇಕಿಲ್ಲ. ಕಣ್ಣಿನ ಮಟ್ಟದಿಂದ ಕೆಳಗೆ ಹೋದಷ್ಟೂ ಎಲಿಪ್ಸ್ ದುಂಡಗಾಗುತ್ತದೆ ಅನ್ನುವುದು ನೆನಪಿದ್ದರೆ ಸಾಕು. ಮೊದಲು ನಟ್ಟನಡುವೆ ಒಂದು ನೇರ ಅಕ್ಷ ಎಳೆಯಿರಿ. ಅದಕ್ಕೆ ಲಂಬವಾಗಿ ಬಾಯಿ, ಕುತ್ತಿಗೆ, ಹೊಟ್ಟೆ, ತಳ ಇರುವಲ್ಲಿ ಅಡ್ಡಗೆರೆ. ಪ್ರತಿ ಅಡ್ಡಗೆರೆಯ ಮೇಲೂ ಅಕ್ಷದಿಂದ ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ ಗುರುತು. ಆಮೇಲೆ ನಾಲ್ಕೂ ಎಲಿಪ್ಸನ್ನು ಪೂರ್ತಿಯಾಗಿ, ತಂಬಿಗೆ ಗಾಜಿನದ್ದು ಎಂಬಂತೆ, ಹಿಂದಿನ ಕಾಣದ ಅರ್ಧವನ್ನೂ ಸೇರಿಸಿ ತೆಳುವಾಗಿ ಸುತ್ತಿ. ಪೆನ್ಸಿಲ್ ಕಾಗದಕ್ಕೆ ತಾಗಿಸುವ ಮೊದಲು ಗಾಳಿಯಲ್ಲೇ ಎರಡು ಮೂರು ಸುತ್ತು ತಿರುಗಿಸಿ, ಭುಜದಿಂದ. ಎಲಿಪ್ಸಿನ ಎರಡು ತುದಿ ಮೀನಿನ ಬಾಲದಂತೆ ಚೂಪಾಗಬಾರದು, ಅಲ್ಲೂ ತಿರುವು ಇದ್ದೇ ಇದೆ. ಕೊನೆಗಷ್ಟೇ ಪಕ್ಕದ ಹೊರಗೆರೆ. ಬಲಗೈಯವರಿಗೆ ಎಡಕ್ಕೆ ಉಬ್ಬುವ ಗೆರೆ ಸಲೀಸು, ಬಲಕ್ಕೆ ಉಬ್ಬುವುದು ತೊಡಕು. ಎಡಗೈಯವರಿಗೆ ಉಲ್ಟಾ. ನಿಮ್ಮ ಗಡಿಗೆ ಒಂದೇ ಕಡೆ ಉಬ್ಬುವುದಕ್ಕೆ ಇದು ಇನ್ನೊಂದು ಕಾರಣ. ಗೆರೆಯನ್ನು ಗುರುತಿನಿಂದ ಗುರುತಿಗೆ ತುಂಡುತುಂಡಾಗಿ ಎಳೆದು ಆಮೇಲೆ ಕೂಡಿಸಿ.

ದಪ್ಪ ಅಂಚಿನ ಕುಡಿಕೆಯಾದರೆ ಬಾಯಿಗೆ ಎರಡು ಎಲಿಪ್ಸ್, ಒಳಗಿನದು ಮತ್ತು ಹೊರಗಿನದು. ಅವೆರಡರ ನಡುವಿನ ಜಾಗ ಸುತ್ತಲೂ ಒಂದೇ ಸಮ ಇರುವುದಿಲ್ಲ. ಎಡಬಲದ ತುದಿಗಳಲ್ಲಿ ಅಗಲ, ಮುಂದೆ ಮತ್ತು ಹಿಂದೆ ಕಿರಿದು. ಎಷ್ಟು ಕಿರಿದು? ಮತ್ತೆ ಅದೇ ಸೈನ್. ಇದೊಂದು ಸರಿ ಬಂದರೆ ಕುಡಿಕೆಯ ಅಂಚಿಗೆ ಮಣ್ಣಿನ ದಪ್ಪ ತಾನಾಗಿಯೇ ಬರುತ್ತದೆ.

ಒಂದು ವಾರ ಒಂದೇ ತಂಬಿಗೆ ಸಾಕು. ಒಂದು ದಿನ ನೆಲದ ಮೇಲಿಡಿ, ಒಂದು ದಿನ ಮೇಜಿನ ಮೇಲೆ, ಒಂದು ದಿನ ಅಟ್ಟದ ಮೇಲೆ. ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋದಾಗ ಎಲಿಪ್ಸ್ ಹೇಗೆ ತಿರುವುಮುರುವಾಗುತ್ತದೆ ಎಂಬುದನ್ನು ನಾನು ಹೇಳುವುದಕ್ಕಿಂತ ನೀವೇ ಕಂಡುಕೊಳ್ಳಿ. ಮಲಗಿಸಿಯೂ ಬರೆಯಿರಿ. ಆಗ ಎಲಿಪ್ಸಿನ ಉದ್ದನೆಯ ಅಳತೆ ತಂಬಿಗೆಯ ಅಕ್ಷಕ್ಕೆ ಲಂಬವಾಗಿರುತ್ತದೆ, ಮೇಜಿಗಲ್ಲ. ದಿನಕ್ಕೆ ಅರ್ಧ ಗಂಟೆ, ಗೆರೆ ಮಾತ್ರ, ಶೇಡಿಂಗ್ ಇಲ್ಲದೆ. ವಾರಕ್ಕೊಂದು ಚಿತ್ರವನ್ನು ಮಾತ್ರ ಎರಡು ಮೂರು ಸಲ ಕುಳಿತು ಪೂರ್ತಿ ಮಾಡಿ.

ತಪ್ಪು ಹಿಡಿಯುವುದು ಹೇಗೆ ಅನ್ನುವುದೂ ಕಲಿಕೆಯ ಭಾಗ. ಒಂದು ಗಂಟೆ ಅದೇ ಚಿತ್ರ ನೋಡಿದ ಕಣ್ಣಿಗೆ ಸೊಟ್ಟವೂ ನೆಟ್ಟಗೇ ಕಾಣುತ್ತದೆ. ಹಾಳೆಯನ್ನು ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿ. ಅಥವಾ ಕನ್ನಡಿಯಲ್ಲಿ ನೋಡಿ. ಎಡಕ್ಕೆ ವಾಲಿದ್ದ ಬಾಟಲಿ ಬಲಕ್ಕೆ ವಾಲಿದ ತಕ್ಷಣ ಎದ್ದು ಕಾಣುತ್ತದೆ. ಮೊಬೈಲನ್ನು ಇಲ್ಲಿ ಬಳಸಬಹುದು, ಚಿತ್ರ ಮುಗಿದ ಮೇಲೆ ಮಾತ್ರ. ನಿಮ್ಮ ಕಣ್ಣಿದ್ದ ಜಾಗದಲ್ಲೇ ಹಿಡಿದು ಫೋಟೊ ತೆಗೆದು ಹೋಲಿಸಿ. ಹತ್ತಿರ ಒಯ್ದು ತೆಗೆದರೆ ಮುಂದಿನ ವಸ್ತು ಅತಿ ದೊಡ್ಡದಾಗಿ ಕಂಡು ದಾರಿ ತಪ್ಪಿಸುತ್ತದೆ.

ಶೇಡಿಂಗ್‌ಗೆ ಬರೋಣ. ಎಲ್ಲಾ ಕಪ್ಪಾಗುವುದು ಯಾಕೆ? ನೀವು ಗಡಿಗೆಗೆ ಅದರದ್ದೇ ಬಿಳಿಯಿಂದ ಕಪ್ಪಿನವರೆಗಿನ ಶೇಡಿಂಗ್ ಕೊಡ್ತೀರಿ. ಈರುಳ್ಳಿಗೂ ಅಷ್ಟೇ. ಬಟ್ಟೆಯ ಒಂದೊಂದು ಮಡಿಕೆಗೂ ಅಷ್ಟೇ. ಒಂದೊಂದೇ ನೋಡಿದಾಗ ಚೆಂದ. ಒಟ್ಟಿಗೆ ನೋಡಿದರೆ ಯಾವುದು ಬಿಳಿ ಬಟ್ಟೆ, ಯಾವುದು ಕರಿ ಗಡಿಗೆ ಎಂದೇ ತಿಳಿಯದು. ನಿಜದಲ್ಲಿ ಕರಿ ಗಡಿಗೆಯ ಬೆಳಕಿನ ಭಾಗ ಬಿಳಿ ಬಟ್ಟೆಯ ನೆರಳಿಗಿಂತಲೂ ಕಪ್ಪಾಗಿರಬಹುದು. ನಂಬಿಕೆ ಬರದಿದ್ದರೆ ಒಂದು ರಟ್ಟಿನಲ್ಲಿ ಪೆನ್ಸಿಲ್ ದಪ್ಪದ ಎರಡು ತೂತು ಮಾಡಿ. ಒಂದು ತೂತಿನಲ್ಲಿ ಬಟ್ಟೆಯ ನೆರಳು, ಇನ್ನೊಂದರಲ್ಲಿ ಗಡಿಗೆಯ ಬೆಳಕು ಕಾಣುವ ಹಾಗೆ ಹಿಡಿಯಿರಿ. ವಸ್ತು ಯಾವುದು ಅನ್ನುವುದು ಮರೆಯಾಗಿ ಬರೀ ಎರಡು ಬೂದು ಚುಕ್ಕೆ ಉಳಿಯುತ್ತವೆ. ಆಗ ಹೋಲಿಸುವುದು ಸುಲಭ.

ಇನ್ನೊಂದು ಉಪಾಯ ಕಣ್ಣನ್ನು ಅರೆಮುಚ್ಚಿ ನೋಡುವುದು. ಸಣ್ಣ ವಿವರಗಳೆಲ್ಲ ಕರಗಿ ದೊಡ್ಡ ಕಪ್ಪುಬಿಳುಪಿನ ಪ್ರದೇಶಗಳು ಮಾತ್ರ ಉಳಿಯುತ್ತವೆ. ಹಾಗೆ ನೋಡುತ್ತಾ ಇಡೀ ಚಿತ್ರವನ್ನು ಎರಡೇ ಗುಂಪು ಮಾಡಿ, ಬೆಳಕು ಬಿದ್ದದ್ದು ಮತ್ತು ಬೀಳದ್ದು. ಬೀಳದ ಭಾಗಕ್ಕೆಲ್ಲ, ವಸ್ತುವಿನ ಮೈಯ ನೆರಳಾಗಲಿ ಮೇಜಿನ ಮೇಲೆ ಬಿದ್ದ ನೆರಳಾಗಲಿ, ಒಂದೇ ಸಮನೆ ತೆಳು ಬೂದು ಹಚ್ಚಿ. ಈ ಹಂತದಲ್ಲೇ ಗುಂಡನೆಯದು ಗುಂಡಗೆ ಕಾಣಲು ಶುರುವಾಗಬೇಕು. ಆಗದಿದ್ದರೆ ಮುಂದೆ ಹೋಗಬೇಡಿ, ನೆರಳಿನ ಗಡಿ ತಪ್ಪಾಗಿದೆ. ಸರಿ ಇದ್ದರೆ ಇಡೀ ಚಿತ್ರದಲ್ಲಿ ಅತಿ ಕಪ್ಪು ಎಲ್ಲಿದೆ ಹುಡುಕಿ. ಬಹುಮಟ್ಟಿಗೆ ಅದು ಪಾತ್ರೆ ಮೇಜನ್ನು ತಾಗುವ ಕಿರಿದಾದ ಸಂದಿನಲ್ಲಿರುತ್ತದೆ. ಅಲ್ಲಿ ಗಾಢ ಕಪ್ಪಿನ 6ಬಿ ಪೆನ್ಸಿಲ್ ಬಳಸಿ. ಅತಿ ಬಿಳಿ ಎಲ್ಲಿ? ಅದು ಖಾಲಿ ಕಾಗದ. ಉಳಿದದ್ದೆಲ್ಲ ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆ ಎಂದು ಕೇಳುತ್ತಾ ಹೋಗಿ. ಕಿಟಕಿಯ ಬೆಳಕಿಗೂ ಮೂಲೆಯ ಕತ್ತಲಿಗೂ ಇರುವ ಅಂತರ ಬಹಳ ದೊಡ್ಡದು. ಕಾಗದದ ಬಿಳಿಗೂ ಪೆನ್ಸಿಲ್ಲಿನ ಕಪ್ಪಿಗೂ ಅಷ್ಟು ಅಂತರ ಇಲ್ಲ. ಹಾಗಾಗಿ ಕಂಡದ್ದನ್ನು ಕಂಡ ಹಾಗೇ ಇಳಿಸಲು ಯಾರಿಂದಲೂ ಆಗುವುದಿಲ್ಲ. ಆದರೆ ಯಾವುದಕ್ಕಿಂತ ಯಾವುದು ಕಪ್ಪು ಎಂಬ ಕ್ರಮವನ್ನು ಉಳಿಸಿಕೊಳ್ಳಬಹುದು.

ಗುಂಡನೆಯ ಗಡಿಗೆಯ ನೆರಳಿನ ಕಡೆ ಗಮನಿಸಿ. ಅತಿ ಕಪ್ಪು ಇರುವುದು ತುತ್ತತುದಿಯ ಅಂಚಿನಲ್ಲಲ್ಲ, ಸ್ವಲ್ಪ ಒಳಗೆ, ಬೆಳಕು ಮುಗಿಯುವ ಜಾಗದ ಆಚೆ. ಅಂಚಿನ ಹತ್ತಿರ ಮೇಜಿನಿಂದ ಪುಟಿದ ಬೆಳಕು ಬಿದ್ದು ಸ್ವಲ್ಪ ತಿಳಿಯಾಗಿರುತ್ತದೆ. ಈ ಪುಟಿದ ಬೆಳಕನ್ನು ಕಂಡುಹಿಡಿದ ವಿದ್ಯಾರ್ಥಿಗೆ ಎಷ್ಟು ಖುಷಿಯಾಗುತ್ತದೆ ಅಂದರೆ ಅದನ್ನು ಬಿಳಿಯಾಗಿ ಬೆಳಗಿಸಿಬಿಡುತ್ತಾನೆ. ಗಡಿಗೆ ಟಿನ್ನಿನದಾಗುತ್ತದೆ. ಒಂದೇ ಬಣ್ಣದ, ಹೊಳಪಿಲ್ಲದ ವಸ್ತುವಿನಲ್ಲಿ ನೆರಳಿನ ಕಡೆಯ ಯಾವ ಜಾಗವೂ ಬೆಳಕಿನ ಕಡೆಯ ಜಾಗಕ್ಕಿಂತ ಬಿಳಿಯಾಗಿರಬಾರದು. ಅನುಮಾನ ಬಂದಾಗ ಕಣ್ಣು ಅರೆಮುಚ್ಚಿ. ಆ ಪುಟಿದ ಬೆಳಕು ಕರಗಿ ನೆರಳಿನಲ್ಲಿ ಸೇರಿಹೋಗಬೇಕು.

ಸುತ್ತಲೂ ದಪ್ಪ ಹೊರಗೆರೆ ಎಳೆಯುವ ಅಭ್ಯಾಸ ಇದ್ದರೆ ಬಿಡಿ. ಗಡಿಗೆಯ ನೆರಳಿನ ಬದಿ ಕಪ್ಪು ಹಿನ್ನೆಲೆಯಲ್ಲಿ ಸೇರಿಹೋಗಿ ಅಂಚೇ ಕಾಣದಿದ್ದರೆ ಅಂಚು ಬರೆಯಬೇಡಿ. ಬೆರಳಿನಿಂದ ತಿಕ್ಕಿ ನುಣುಪು ಮಾಡುವುದನ್ನೂ ಮೊದಲ ಆರು ತಿಂಗಳು ನಾನು ಒಪ್ಪುವುದಿಲ್ಲ. ಇದರ ಬಗ್ಗೆ ಬೇರೆ ಮೇಷ್ಟ್ರುಗಳಿಗೆ ಬೇರೆ ಅಭಿಪ್ರಾಯ ಇರಬಹುದು. ತಿಕ್ಕಿದಾಗ ಬೆರಳಿನ ಜಿಡ್ಡು ಕಾಗದಕ್ಕೆ ಹತ್ತುತ್ತದೆ, ಮೂರು ಬೇರೆಬೇರೆ ಬೂದು ಒಂದೇ ಕೊಳಕು ಬೂದಾಗುತ್ತದೆ. ನಿಮ್ಮ "ಮಸಿ"ಯಲ್ಲಿ ಇದರ ಪಾಲೂ ಇದೆ ಅಂತ ನನ್ನ ಊಹೆ. ಪೆನ್ಸಿಲ್ ಗೆರೆಗಳನ್ನು ಒತ್ತೊತ್ತಾಗಿ ಎಳೆದೇ ಕಪ್ಪು ತನ್ನಿ.

ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 2ಬಿ, 4ಬಿ, 6ಬಿ ಪೆನ್ಸಿಲ್, ಅಪ್ಸರಾ ಆಗಲಿ ಕ್ಯಾಮ್ಲಿನ್ ಆಗಲಿ. ಸ್ವಲ್ಪ ತರಿಯಿರುವ ಕಾರ್ಟ್ರಿಡ್ಜ್ ಹಾಳೆ. ಹಿಟ್ಟಿನಂತೆ ನಾದಬಹುದಾದ ಮೆತ್ತನೆಯ ರಬ್ಬರ್ ಸಿಕ್ಕರೆ ತೆಗೆದುಕೊಳ್ಳಿ, ಅದು ಉಜ್ಜದೆ ಒತ್ತಿ ಎತ್ತುವಂಥದ್ದು. ದುಬಾರಿ ಸೆಟ್ ಬೇಡ.

ಪೋರ್ಟ್ರೇಟ್ ಬಗ್ಗೆ ಕೇಳಿದ್ದೀರಿ. ಸ್ಟಿಲ್ ಲೈಫ್ ಕೆಳದರ್ಜೆಯದು, ಮನುಷ್ಯನ ಚಿತ್ರ ಮೇಲ್ದರ್ಜೆಯದು ಅನ್ನುವ ಭಾವನೆ ಹಳೆಯದು. 1667ರಲ್ಲೇ ಫ್ರಾನ್ಸಿನ ಕಲಾಲೇಖಕ ಫೆಲಿಬಿಯಾನ್ ಚಿತ್ರಪ್ರಕಾರಗಳಿಗೆ ಮೇಲುಕೀಳಿನ ಮೆಟ್ಟಿಲು ಕಟ್ಟಿ, ಹಣ್ಣು, ಹೂವಿನ ಚಿತ್ರಗಳನ್ನು ತೀರಾ ಕೆಳಗಿಟ್ಟ. ಅದೇ ದೇಶದ ಶಾರ್ಡಾನ್ (1699–1779) 1728ರಲ್ಲಿ ಅಲ್ಲಿನ ರಾಜ ಅಕಾಡೆಮಿಗೆ ಸೇರಿದ್ದು ಪ್ರಾಣಿ ಮತ್ತು ಹಣ್ಣುಗಳ ಚಿತ್ರಕಾರ ಎಂದೇ. ಒಂದು ಲೋಟ ನೀರು, ಒಂದು ಮಸಿ ಹಿಡಿದ ಕಾಫಿ ಪಾತ್ರೆ, ಮೂರು ಬೆಳ್ಳುಳ್ಳಿ ಇರುವ ಅವನ ಚಿತ್ರವೊಂದಿದೆ. ಅಮೆರಿಕದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮ್ಯೂಸಿಯಂನಲ್ಲಿದೆ. ಆ ಲೋಟದ ಎಲಿಪ್ಸ್ ಹೇಗಿದೆ, ನೋಡಿ.

ನಮ್ಮ ಕಲಾಶಾಲೆಗಳಿಗೆ ಸ್ಟಿಲ್ ಲೈಫ್ ಬಂದ ದಾರಿ ಬೇರೆ. 1850ರಲ್ಲಿ ಮದ್ರಾಸಿನಲ್ಲಿ, 1857ರಲ್ಲಿ ಮುಂಬಯಿಯಲ್ಲಿ (ಸರ್ ಜೆ.ಜೆ. ಸ್ಕೂಲ್ ಆಫ್ ಆರ್ಟ್) ಕಲಾಶಾಲೆಗಳು ಶುರುವಾದವು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಕಲಾಶಾಲೆಯ ಪಠ್ಯಕ್ರಮದ ಪ್ರಭಾವದಿಂದ ಘನ, ಶಂಕು, ಸಿಲಿಂಡರ್, ಪ್ಲಾಸ್ಟರ್ ಬೊಂಬೆ ಬರೆಸುವ ಪದ್ಧತಿ ಇಲ್ಲಿಗೂ ಬಂತು. ಅದು ಒಣ ಕಸರತ್ತು ಎಂದು ಬೈದವರು ಬಹಳ ಜನ. ಬೈಗುಳದಲ್ಲಿ ನ್ಯಾಯವೂ ಇದೆ, ವರ್ಷಗಟ್ಟಲೆ ಪ್ಲಾಸ್ಟರ್ ಶಂಕು ಬರೆಸಿದರೆ ಯಾರಿಗೂ ಬೇಸರವೇ. ಆದರೆ ತಲೆಬುರುಡೆಯೂ ಗುಂಡನೆಯದು, ಕುತ್ತಿಗೆಯೂ ಸಿಲಿಂಡರ್, ಕಾಲರ್ ಕುತ್ತಿಗೆ ಸುತ್ತ ಹೋಗುವುದೂ ಎಲಿಪ್ಸ್. ಮನುಷ್ಯನಾದರೆ ಅಲ್ಲಾಡುತ್ತಾನೆ, ಮಾತಾಡುತ್ತಾನೆ, ನನ್ನ ಮೂಗು ಹೀಗಿಲ್ಲ ಅನ್ನುತ್ತಾನೆ. ಗಡಿಗೆಗೆ ಆ ತಕರಾರಿಲ್ಲ. ಪೋರ್ಟ್ರೇಟ್ ಖಂಡಿತ ಬರೆಯಿರಿ, ಬೇಡ ಅನ್ನುವುದಿಲ್ಲ. ಇದನ್ನು ಬಿಟ್ಟು ಅದು ಬೇಡ ಅಷ್ಟೇ.

ಸೊಟ್ಟ ಬಂದ ಗಡಿಗೆಗೆ ಫ್ರಾನ್ಸಿನ ಚಿತ್ರಕಾರ ಸೆಜಾನ್ ಹೆಸರು ಹೇಳುವ ಸೀನಿಯರ್‌ಗಳು ನಿಮ್ಮ ಕಾಲೇಜಿನಲ್ಲೂ ಇರುತ್ತಾರೆ. ಸೆಜಾನನ ಹಲವು ಚಿತ್ರಗಳಲ್ಲಿ ಬಟ್ಟೆಯ ಎಡಕ್ಕೆ ಕಾಣುವ ಮೇಜಿನ ಅಂಚು ಬಲಕ್ಕೆ ಕಾಣುವ ಅಂಚಿಗೆ ಕೂಡುವುದಿಲ್ಲ, ನಿಜ. ಆದರೆ ಅವನ ಸೊಟ್ಟ ಒಂದಕ್ಕೊಂದು ಹೊಂದಿಕೊಂಡಿದೆ. ಒಂದನ್ನು ನೆಟ್ಟಗೆ ಮಾಡಿದರೆ ಚಿತ್ರವೇ ಬಿದ್ದುಹೋಗುತ್ತದೆ. ನಿಮ್ಮ ತಂಬಿಗೆಯನ್ನು ನೆಟ್ಟಗೆ ಮಾಡಿದರೆ ಚಿತ್ರ ಚೆನ್ನಾಗಾಗುತ್ತದೆ. ವ್ಯತ್ಯಾಸ ಅಷ್ಟು ದೊಡ್ಡದು.

ಪರೀಕ್ಷೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೂರು ಗಂಟೆ ಇದ್ದರೆ ಮೊದಲ ಅರ್ಧ ಗಂಟೆ ಎಲ್ಲೆ, ಅಕ್ಷ, ಅಡ್ಡಗೆರೆಗಳಿಗೇ ಹೋಗಲಿ. ಪಕ್ಕದವರು ಆಗಲೇ ಶೇಡಿಂಗ್ ಶುರು ಮಾಡಿರುತ್ತಾರೆ, ಗಾಬರಿ ಬೇಡ. ಜಾಗ ಎಲ್ಲಿ ಸಿಕ್ಕರೂ ಕಣ್ಣಿನ ಮಟ್ಟ ಎಲ್ಲಿದೆ ಎಂದು ಮೊದಲು ಗೋಡೆಯ ಮೇಲೆ ಗುರುತಿಸಿಕೊಳ್ಳಿ. ಆ ಮಟ್ಟದಿಂದ ದೂರ ಹೋದಷ್ಟೂ ಎಲಿಪ್ಸ್ ತೆರೆದುಕೊಳ್ಳುತ್ತದೆ.

ಬಣ್ಣಕ್ಕೆ ಯಾವಾಗ ಹೋಗಬಹುದು ಎಂದು ಮುಂದಿನ ಪತ್ರದಲ್ಲಿ ಕೇಳುತ್ತೀರಿ, ಗೊತ್ತು. ಮೂರು ವಸ್ತುಗಳ ಗುಂಪಿನ ಚಿತ್ರವನ್ನು ಒರಗಿಸಿಟ್ಟು ಆರು ಅಡಿ ದೂರದಿಂದ ನೋಡಿದಾಗ ಯಾವುದು ಮುಂದಿದೆ, ಬೆಳಕು ಎಲ್ಲಿಂದ ಬಂದಿದೆ, ಯಾವುದು ಕರಿ ಗಡಿಗೆ, ಯಾವುದು ಬಿಳಿ ಬಟ್ಟೆ ಎಂದು ಆ ವಸ್ತುಗಳನ್ನು ನೋಡದವರೂ ಹೇಳುವಂತಾದರೆ ಹೋಗಿ. ಅದೂ ನೇರವಾಗಿ ಹನ್ನೆರಡು ಬಣ್ಣಕ್ಕಲ್ಲ. ಪೋಸ್ಟರ್ ಕಲರಿನ ಕಪ್ಪು, ಬಿಳಿ ಎರಡೇ ಬಾಟಲಿ ತೆಗೆದುಕೊಂಡು, ಬೆರೆಸಿ ಮೂರು ಬೂದು ಮಾಡಿಕೊಂಡು, ಅದೇ ಕುಡಿಕೆಯನ್ನು ಇನ್ನೊಮ್ಮೆ ಬರೆಯಿರಿ.